ನಂಬಿಗಸ್ತ ಕೈಗಳು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಪೂಜ್ಯ ಸಭಾಪಾಲಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕಿವುಡರ ಶಾಲೆಯ ಮುಖ್ಯೋಪಾಧ್ಯಾಯಿನಿಯವರೇ, ಸಭೆಯ ಹಿರಿಯರೇ, ಗಾಯನ ತಂಡದವರೇ, ಬಾಗಿಲ ಬಳಿ ನಿಂತು ಚಹಾ ಯಾವಾಗ ಬರುತ್ತದೆ ಎಂದು ಇಣುಕುತ್ತಿರುವವರೇ, ಎಲ್ಲರಿಗಿಂತ ಮೊದಲು ಹೆಸರಿಸಬೇಕಾಗಿದ್ದರೂ ಅಭ್ಯಾಸಬಲದಿಂದ ಕೊನೆಗೆ ಉಳಿದುಬಿಟ್ಟ ಎಡಗಡೆಯ ಎರಡನೇ ಬೆಂಚಿನವರೇ, ಸಭಿಕರೇ, ನಿಮ್ಮೆಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಈ ಚರ್ಚಿನೊಳಗೆ ಮೂವತ್ತೊಂದು ವರ್ಷ ಮಾತಾಡಿದ್ದೇನೆ, ನಿಜ. ಆದರೆ ಅದರಲ್ಲಿ ಒಂದು ಮಾತೂ ನನ್ನದಲ್ಲ. ಸಭಾಪಾಲಕ ಅಯ್ಯನವರು ಪ್ರಸಂಗ ಮಾಡುವರು, ನನ್ನ ಕೈ ಅದನ್ನು ಸನ್ನೆ ಭಾಷೆಯಲ್ಲಿ ಎರಡನೇ ಬೆಂಚಿನಲ್ಲಿರುವ ಕಿವುಡರಿಗೆ ಮುಟ್ಟಿಸುವುದು. ಬೆಂಚಿನವರು ಎದ್ದು ಸಾಕ್ಷಿ ಹೇಳುವರು, ನನ್ನ ಬಾಯಿ ಅದನ್ನು ನಿಮಗೆ ಮುಟ್ಟಿಸುವುದು. ನನ್ನ ಸ್ವಂತ ಮಾತು ಎಂದರೆ "ಆ ದೀಪ ಸ್ವಲ್ಪ ಈ ಕಡೆ ತಿರುಗಿಸಿ, ಕೈ ಕಾಣಲ್ಲ" ಅನ್ನುವುದಷ್ಟೇ. ಹೊಟ್ಟೆಪಾಡಿಗೆ ಮಾಡಿದ್ದೂ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ. ಅಲ್ಲಿಯೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿ ನಾನು ಪಕ್ಕಕ್ಕೆ ಸರಿಯುವುದು. ಈಗ ಬೆರಳ ಗಂಟುಗಳು ಊದಿಕೊಂಡಿವೆ, ಮಡಚಿದರೆ ಬಿಡಿಸಲಾಗದು, ಬಿಡಿಸಿದರೆ ಮಡಚಲಾಗದು. ಡಾಕ್ಟರು ಸಾಕು ಎಂದರು. ನೀವು ಸನ್ಮಾನ ಎಂದಿರಿ.

ಇದೋ ನೋಡಿ, ನೀವು ಕೊಟ್ಟ ಫಲಕ. ನಮ್ಮ ಸಭೆಯ ಬಡಗಿಯವರು ಮರದಲ್ಲಿ ಎರಡು ಕೈ ಕೆತ್ತಿದ್ದಾರೆ. ನನ್ನ ಕೈಯನ್ನು ನೋಡದೆ ಕೆತ್ತಿದ್ದಾರೆ ಎಂದು ಕಾಣುತ್ತದೆ, ಇವು ಬಹಳ ಚೆನ್ನಾಗಿವೆ. ಕೆಳಗೆ ಎರಡು ಪದ ಕೊರೆದಿದ್ದಾರೆ. 'ನಂಬಿಗಸ್ತ ಕೈಗಳಿಗೆ.' ಹತ್ತು ನಿಮಿಷದ ಹಿಂದೆ ಇದನ್ನು ನನ್ನ ಕೈಗಿತ್ತಾಗ ಮೊದಲ ಬಾರಿ ಓದಿದೆ. ಮನೆಯಲ್ಲಿ ಬರೆದುಕೊಂಡು ಬಂದ ಭಾಷಣ ಈ ಚೀಲದಲ್ಲಿದೆ. ಅದು ಅಲ್ಲೇ ಇರಲಿ.

ಈ ಕೆಲಸ ಹೇಗಿರುತ್ತದೆ ಎಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನೀವೆಲ್ಲ ಪ್ರಸಂಗಪೀಠದ ಕಡೆ ಮುಖ ಮಾಡಿ ಕೂರುತ್ತೀರಿ. ನಾನು ನಿಮ್ಮ ಕಡೆ ಮುಖ ಮಾಡಿ ನಿಲ್ಲಬೇಕು. ಹಾಗಾಗಿ ಪ್ರಸಂಗದ ಹೊತ್ತಿನಲ್ಲಿ ಯಾರು ನಿದ್ದೆ ಮಾಡುತ್ತಾರೆ ಎನ್ನುವುದು ದೇವರನ್ನು ಬಿಟ್ಟರೆ ನನಗೆ ಗೊತ್ತು. ಹೆದರಬೇಡಿ ಹಿರಿಯರೇ, ಹೆಸರು ಹೇಳುವುದಿಲ್ಲ. ನಮ್ಮ ಸಭೆಯಲ್ಲಿ ಒಬ್ಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆ, ಸರಿಯಾದ ಜಾಗದಲ್ಲಿ ತಲೆಯನ್ನೂ ಆಡಿಸುತ್ತಾರೆ. ಆದರೆ ಇದರಲ್ಲಿ ಇನ್ನೊಂದು ಮಾತಿದೆ. ನಿಮ್ಮ ಮುಖ ನೋಡುತ್ತ ನಿಂತವಳಿಗೆ ಶಿಲುಬೆ ಯಾವಾಗಲೂ ಬೆನ್ನ ಹಿಂದೆ. ಮೂವತ್ತೊಂದು ವರ್ಷ ನಾನು ಶಿಲುಬೆಗೆ ಬೆನ್ನು ಮಾಡಿ ಆರಾಧನೆ ಮಾಡಿದೆ.

ಮತ್ತೆ ಈ ಕೆಲಸಕ್ಕೆ ಒಂದು ನಿಯಮವಿದೆ. ಬೇರೆಯವರ ಮಾತನ್ನು ಹೇಳುವಾಗ 'ಅವರು ಹೀಗಂದರು' ಎಂದು ಹೇಳಬಾರದು. ಅವರೇ ಆಗಿ ಹೇಳಬೇಕು. ಅಯ್ಯನವರು 'ನಾನು' ಎಂದರೆ ನಾನು ಬೆರಳನ್ನು ನನ್ನ ಎದೆಗೇ ತೋರಿಸಬೇಕು, ಆದರೆ ಆ 'ನಾನು' ನಾನಲ್ಲ. ಅರ್ಥವಾಯಿತೇ? ಪ್ರತಿ ಭಾನುವಾರ ನೀವೆಲ್ಲ ಮೊಣಕಾಲೂರಿ ಪಾಪದ ಅರಿಕೆ ಹೇಳುವಾಗ ನಾನು ನಿಂತೇ ಇರುತ್ತಿದ್ದೆ. ನಾನು ಪಾಪ ಮಾಡಿದ್ದೇನೆ, ನಾನು ಮಾಡಬಾರದ್ದನ್ನು ಮಾಡಿದ್ದೇನೆ ಎಂದು ಎದೆಗೆ ಬೆರಳು ತೋರಿಸಿ ತೋರಿಸಿ ಹೇಳಿದ್ದೇನೆ. ಲೆಕ್ಕ ಹಾಕಿದರೆ ಸಾವಿರದ ಆರುನೂರು ಭಾನುವಾರ. ಅಷ್ಟೂ ಸಲ ಅದು ಬೆಂಚಿನವರ ಪಾಪ. ನನ್ನದು ಒಂದು ಸಲವೂ ಅಲ್ಲ. ಕೈ ಕೆಲಸದಲ್ಲಿದ್ದಾಗ ಮನಸ್ಸಿಗೆ ರಜೆ.

ನನ್ನ ಅಕ್ಕನ ಬಗ್ಗೆ ಹೇಳದೆ ನನ್ನ ಬಗ್ಗೆ ಹೇಳಲಾಗದು. ಎರಡನೇ ಬೆಂಚಿನ ಗೋಡೆ ಪಕ್ಕದ ತುದಿಯಲ್ಲಿ, ಬೂದು ಬಣ್ಣದ ಸ್ವೆಟರ್ ಹಾಕಿಕೊಂಡು ಕೂತಿದ್ದಾಳಲ್ಲ, ಅವಳೇ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು. ಶಾಲೆ ನಾಲ್ಕನೇ ತರಗತಿಗೆ ನಿಂತಿತು. ಹೆಸರು ಬರೆಯುತ್ತಾಳೆ, ಅಳತೆ ಬರೆಯುತ್ತಾಳೆ, ಕಾಗದ ಬರೆಯಲು ಬರುವುದಿಲ್ಲ. ನಾನು ಮಾತು ಕಲಿಯುವುದಕ್ಕಿಂತ ಮೊದಲು ಸನ್ನೆ ಕಲಿತೆನಂತೆ. ಅಮ್ಮ ಹೇಳುತ್ತಿದ್ದರು, "ಇವಳು ಹಾಲು ಬೇಕು ಅಂತ ಕೈಯಲ್ಲಿ ಕೇಳೋಳು, ಬಾಯಲ್ಲಿ ಕೇಳೋದು ಆಮೇಲೆ ಕಲಿತಳು."

ಮನೆಗೆ ನೆಂಟರು ಬಂದರೆ ನಡುಮನೆಯಲ್ಲಿ ಮಾತು, ನಗು. ಅಕ್ಕ ಒಬ್ಬೊಬ್ಬರ ಮುಖ ನೋಡುತ್ತ ಅಂಗೈ ಮೇಲೆ ಮಾಡಿ ಕೇಳುತ್ತಿದ್ದಳು, ಏನು? ಏನು? ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು. "ಆಮೇಲೆ ಹೇಳ್ತೀವಿ." ಆ ಆಮೇಲೆ ಎಂದೂ ಬರುತ್ತಿರಲಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ಒಂದು ದಿನ ಅಕ್ಕ ಬಟ್ಟಲು ಎತ್ತಿ ನೆಲಕ್ಕೆ ಬಡಿದು ಎದ್ದು ಹೋದಳು. ಹಿತ್ತಿಲಲ್ಲಿ ಅವಳ ಪಕ್ಕ ಕೂತು ನಾನು ಆಣೆ ಮಾಡಿದೆ. ಯಾರು ಹೇಳಿದರೂ ಸರಿ, ನಾನು ನಿನಗೆ ಆಮೇಲೆ ಅನ್ನುವುದಿಲ್ಲ. ಆಗಿನಿಂದ ನಾನು ಅವಳ ಕಿವಿ, ಅವಳ ಬಾಯಿ. ಊರೆಲ್ಲ ಹೊಗಳಿತು. ಎಂಥ ತಂಗಿ ಎಂದರು. ಹೊಗಳಿಕೆ ನನಗೆ ರುಚಿಸಿತು ಎಂದು ಒಪ್ಪಿಕೊಳ್ಳಬೇಕು. ಅಕ್ಕನಿಗೆ ನಾನು ಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಬೇಕಾದವಳಾಗಿಯೇ ಇರುವುದು ನನಗೆ ಬೇಕು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ದರ್ಜಿಯ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದು, ಹಾಸಿಗೆ ಹಿಡಿದಿದ್ದ ಅಮ್ಮನನ್ನು ಮಗ್ಗುಲು ತಿರುಗಿಸಿ, ಉಣಿಸಿ, ಒರೆಸಿ, ಎಲ್ಲ ಅವಳೇ. ದರ್ಜಿ ಅಂಗಡಿಯ ಎದುರಿಗೆ ಗಡಿಯಾರ ರಿಪೇರಿಯವರದೊಂದು ಪುಟ್ಟ ಅಂಗಡಿ ಇತ್ತು. ಹಳಬರಿಗೆ ಅವರ ನೆನಪಿರಬೇಕು, ಬಲಗಡೆ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದರು. ಮಾತು ಕಡಿಮೆ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ತಲೆ ಬಗ್ಗಿಸಿದರೆ ಸಂಜೆಯವರೆಗೆ ಎತ್ತುತ್ತಿರಲಿಲ್ಲ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಎತ್ತುತ್ತಿದ್ದರು. ಅಕ್ಕ ಒಂದು ನಿಮಿಷ ಹಿಂದೆ ಮುಂದೆ ಆಗದೆ ಒಂಬತ್ತಕ್ಕೆ ಅಂಗಡಿ ಮೆಟ್ಟಿಲು ಹತ್ತುವವಳು. ಅವರು ಮಣಿಕಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟಿ ಅವಳ ಕಡೆ ತೋರಿಸುತ್ತಿದ್ದರು. ಸರಿಯಾದ ಸಮಯ, ನೀವು ಬಂದಿರಿ ಎಂದು. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅಕ್ಕನೂ ಮಣಿಕಟ್ಟು ತಟ್ಟಿ ನಗುತ್ತಿದ್ದಳು. ಕೊನೆಗೆ ಬೆಂಚಿನವರೆಲ್ಲ ಅವರನ್ನು ಕರೆಯುವುದಕ್ಕೆ ಅದೇ ಸನ್ನೆ ಹೆಸರಾಯಿತು. ಅಕ್ಕ ಮನೆಗೆ ಬಂದು ಇದನ್ನು ನನಗೆ ಹೇಳಿದ ದಿನ ನಾನು ಅವಳ ಜೊತೆ ನಗಲಿಲ್ಲ. ನಾನಿಲ್ಲದೆ ಅವಳ ಜೊತೆ ಒಬ್ಬರು ಮಾತಾಡಿದ್ದರು.

ಟೀಚರ್, ಸ್ವಲ್ಪ ನಿಲ್ಲಿಸಿ. ಸಭಿಕರೇ, ಇಲ್ಲಿ ಪಕ್ಕದಲ್ಲಿ ನಿಂತು ನನ್ನ ಮಾತನ್ನು ಬೆಂಚಿಗೆ ಹೇಳುತ್ತಿರುವ ಟೀಚರ್ ಇನ್ನು ಮುಂದೆ ನನ್ನ ಜಾಗಕ್ಕೆ ಬರುವವರು. ಎಂಟು ವರ್ಷ ನನ್ನ ಕೈಕೆಳಗೆ ಕಲಿತಿದ್ದಾರೆ. ಟೀಚರ್, ನಿಮ್ಮ ಕೈಗೆ ಐದು ನಿಮಿಷ ವಿಶ್ರಾಂತಿ ಕೊಡಿ. ಕೂತುಕೊಳ್ಳಿ. ಯಾಕೆ ಹಾಗೆ ನೋಡುತ್ತೀರಿ? ಬಿಡಬಾರದು, ಸೇರಿಸಬಾರದು ಎಂದು ನಿಮಗೆ ಕಲಿಸಿದವಳು ನಾನೇ, ಗೊತ್ತು. ಪರವಾಗಿಲ್ಲ, ಇಷ್ಟು ಭಾಗ ನಾನೇ ಹೇಳುತ್ತೇನೆ. ಕೂತುಕೊಳ್ಳಿ ಅಮ್ಮಾ.

ಈ ಕೆಲಸಕ್ಕೆ ಸೇರಿ ಐದನೇ ವರ್ಷ. ಭಾನುವಾರದ ಆರಾಧನೆ ಮುಗಿದ ಮೇಲೆ ಆಗಿನ ಅಯ್ಯನವರು ನಮ್ಮಿಬ್ಬರನ್ನು ಪಕ್ಕದ ಕೋಣೆಗೆ ಕರೆದರು. ಅವರ ನಿಲುವಂಗಿ ತೂಗುಹಾಕುವ ಆ ಸಣ್ಣ ಕೋಣೆ ನಿಮಗೆ ಗೊತ್ತಿದೆ. ಮೂರು ಕುರ್ಚಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ಗಡಿಯಾರ ರಿಪೇರಿಯವರು ಕೂತಿದ್ದರು. ಎಣ್ಣೆಯ ಕಲೆಯೆಲ್ಲ ಹೋಗುವಂತೆ ಉಗುರು ಉಜ್ಜಿಕೊಂಡು ಬಂದಿದ್ದರು.

ಎಲ್ಲರೂ ಅಕ್ಕನ ಜೊತೆ ಮಾತಾಡುವಾಗ ನನ್ನ ಮುಖ ನೋಡುತ್ತಾರೆ. ಅವರೊಬ್ಬರೇ ಅಕ್ಕನ ಮುಖ ನೋಡಿ ಮಾತಾಡಿದರು. "ನನಗೆ ನಿಮ್ಮ ಭಾಷೆ ಬರಲ್ಲ. ಕಲೀತೀನಿ. ದಿನಕ್ಕೊಂದು ಮಾತು ಕಲಿತರೂ ವಯಸ್ಸಾಗೋ ಹೊತ್ತಿಗೆ ಇಬ್ಬರೂ ಜಗಳ ಆಡೋವಷ್ಟು ಬರುತ್ತೆ. ನಿಮ್ಮ ತಾಯಿಯವರನ್ನೂ ನಮ್ಮ ಜೊತೆಗೇ ಇಟ್ಟುಕೊಳ್ಳೋಣ. ನನ್ನನ್ನ ಮದುವೆ ಆಗ್ತೀರಾ?"

ಸಭಿಕರೇ, ಬಹಳ ಹಿಂದೆ ಅದೇ ಅಯ್ಯನವರು ನನಗೆ ಹೇಳಿದ್ದರು. "ಹಳೇ ಸ್ವಭಾವ ಸಾಯಲ್ಲಮ್ಮ. ದೀಕ್ಷಾಸ್ನಾನ ಮಾಡಿಸಿದರೆ ಮೈ ಒರೆಸಿಕೊಂಡು, ಒಳ್ಳೇ ಬಟ್ಟೆ ಹಾಕಿಕೊಂಡು, ನಮ್ಮ ಜೊತೆಗೇ ಚರ್ಚಿಗೆ ಬರುತ್ತೆ." ಅವತ್ತು ಆ ಕೋಣೆಯಲ್ಲಿ ಅದು ನನ್ನ ಜೊತೆಗೆ ಕೂತಿತ್ತು. ಬಹಳ ಭಕ್ತಿಯ ಮಾತಾಡಿತು. ಪರರ ಮನೆಯಲ್ಲಿ ಇವಳ ಗತಿ ಏನು? ಅವಳ ಮಾತು ಯಾರಿಗೆ ಅರ್ಥವಾಗುತ್ತದೆ? ಈ ಕಷ್ಟದಿಂದ ಅವಳನ್ನು ತಪ್ಪಿಸುವುದು ನಿನ್ನ ಕರ್ತವ್ಯ ಎಂದಿತು. ಇನ್ನೊಂದು ದನಿಯೂ ಇತ್ತು. ಅದು ಒಂದೇ ಮಾತು ಹೇಳಿತು, ಅವರು ಕೇಳಿದ್ದನ್ನು ಕೇಳು ಎಂದಿತು. ನಾನು ಎರಡನ್ನೂ ಸ್ಪಷ್ಟವಾಗಿ ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಅನುಕೂಲ ನನಗಿಲ್ಲ.

ಕೈ ಎತ್ತಿದೆ. ಅಕ್ಕನಿಗೆ ಹೇಳಿದೆ, ಇವರು ಊರು ಬಿಟ್ಟು ಹೋಗುತ್ತಿದ್ದಾರೆ. ಹೋಗುವ ಮುಂಚೆ ಕೇಳುತ್ತಿದ್ದಾರೆ, ನನ್ನ ಮೇಲೆ ನಿಮಗೇನಾದರೂ ಬೇಸರ ಇದೆಯಾ?

ಅಕ್ಕನ ಮುಖ ಬಾಡಿಹೋಯಿತು. ಅವರನ್ನು ನೋಡಿದಳು. ನಿಧಾನವಾಗಿ ತಲೆ ಅಲ್ಲಾಡಿಸಿದಳು. ಇಲ್ಲ ಎಂದು.

ಅದನ್ನು ಅವರು ಕಣ್ಣಾರೆ ನೋಡಿದರು, ಅಯ್ಯನವರೂ ನೋಡಿದರು. ನಾನು ಬಾಯಲ್ಲಿ ಹೇಳಬೇಕಾದ್ದು ಏನೂ ಇರಲಿಲ್ಲ. ಆದರೂ ಹೇಳಿದೆ. "ಇಷ್ಟ ಇಲ್ಲವಂತೆ." ಅಯ್ಯನವರು ದೇವರ ಚಿತ್ತ ಎಂದರು. ಗಡಿಯಾರ ರಿಪೇರಿಯವರು ಎದ್ದು ನಿಂತರು. ಆಗ ಅಕ್ಕ, ಅವರು ದೂರ ಹೋಗುತ್ತಾರೆ ಎಂದುಕೊಂಡ ನನ್ನ ಅಕ್ಕ, ಕೈ ಎತ್ತಿ ಮಣಿಕಟ್ಟನ್ನು ಎರಡು ಸಲ ತಟ್ಟಿದಳು. ಅವರು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಕ್ಕನ ಮುಖದಲ್ಲಿ ಬೇರೆ ಏನೋ ಇದೆ ಎಂದು ಅವರಿಗೆ ಅನ್ನಿಸಿತ್ತು. ಆದರೆ ಅವಳ ಮುಖಕ್ಕಿಂತ ನನ್ನ ಮಾತನ್ನು ನಂಬಿದರು. ನಂಬಿಗಸ್ತಳಲ್ಲವೇ ನಾನು?

ಒಂದು ತಿಂಗಳು ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡೇ ಕೆಲಸ ಮಾಡಿದರು. ಬೆಳಿಗ್ಗೆ ಒಂಬತ್ತಕ್ಕೆ ತಲೆ ಎತ್ತಲಿಲ್ಲ. ಆಮೇಲೆ ನಿಜವಾಗಿಯೂ ಊರು ಬಿಟ್ಟರು. ನಾನು ಹೇಳಿದ ಸುಳ್ಳನ್ನು ಅವರೇ ನಿಜ ಮಾಡಿಕೊಟ್ಟರು. ಅಮ್ಮ ಇನ್ನೂ ನಾಲ್ಕು ವರ್ಷ ಹಾಸಿಗೆಯಲ್ಲಿದ್ದು ಹೋದರು. ನಾವಿಬ್ಬರೇ ಉಳಿದೆವು. ಅಕ್ಕ ಕಾಜಾ ಹೊಲಿದಳು, ನಾನು ಸನ್ನೆ ಮಾಡಿದೆ. ಎಂಥ ತಂಗಿ ಎಂದು ನೀವು ಹೇಳುತ್ತಲೇ ಬಂದಿರಿ.

ಹೇಳಬೇಕು ಎಂದು ನಾನು ಯತ್ನಿಸಲಿಲ್ಲವೇ? ಯತ್ನಿಸಿದೆ. ಪ್ರತಿ ಸಲ ಕರ್ತನ ಭೋಜನಕ್ಕೆ ಮುಂಚೆ ಇವತ್ತು ಮನೆಗೆ ಹೋಗಿ ಹೇಳಿಬಿಡುತ್ತೇನೆ ಎಂದು ಮಾತು ಕೊಟ್ಟೆ. ರೊಟ್ಟಿ ತೆಗೆದುಕೊಂಡೆ. ಮನೆಯ ಬೀಗ ತೆಗೆಯುವಷ್ಟರಲ್ಲಿ ಹಳೆಯ ಸ್ವಭಾವ ನನಗಿಂತ ಮೊದಲು ಒಳಗೆ ಹೋಗಿ ಕೂತಿರುತ್ತಿತ್ತು. ಅವಳು ನೆಮ್ಮದಿಯಾಗಿದ್ದಾಳೆ, ಯಾಕೆ ಕಲಕುತ್ತೀಯ? ನೀನು ಹೇಳುವುದು ನಿನ್ನ ಎದೆ ಹಗುರಾಗಲಿ ಎಂದಲ್ಲವೇ, ಅದೂ ಸ್ವಾರ್ಥವಲ್ಲವೇ? ನೋಡಿ, ಪಾಪ ಮಾಡುವಾಗಲೂ ನನಗೆ ಉಪದೇಶ, ಪಶ್ಚಾತ್ತಾಪ ಪಡುವಾಗಲೂ ಉಪದೇಶ. ದೇವರ ಮುಂದೆ ಮಾತ್ರ 'ನನ್ನ ತಪ್ಪುಗಳನ್ನೆಲ್ಲ ಕ್ಷಮಿಸು' ಎಂದು ಒಟ್ಟಾಗಿ ಹೇಳಿ ಮುಗಿಸುತ್ತಿದ್ದೆ. ಒಟ್ಟಾಗಿ ಹೇಳಿದರೆ ಒಂದೂ ಹೇಳಿದ ಹಾಗಲ್ಲ.

ನಾಲ್ಕು ಭಾನುವಾರದ ಹಿಂದೆ ಸಭಾಪಾಲಕರು ಪ್ರಕಟಣೆ ಓದಿದರು. ಹಿಂದೆ ನಮ್ಮ ಸಭೆಯವರಾಗಿದ್ದ, ಗಡಿಯಾರ ರಿಪೇರಿ ಮಾಡುತ್ತಿದ್ದ ಸಹೋದರರು ದೂರದ ಊರಿನಲ್ಲಿ ತೀರಿಕೊಂಡಿದ್ದಾರೆ, ಮದುವೆಯಾಗಿರಲಿಲ್ಲ, ಹತ್ತಿರದವರು ಯಾರೂ ಇಲ್ಲವಾದ್ದರಿಂದ ಅಲ್ಲಿಯ ಸಭೆಯೇ ಮಣ್ಣು ಮಾಡಿತು. ನೆನಪಿದೆಯೇ? ನಿಮಗೆ ಅದು ಎರಡು ಸಾಲಿನ ಸುದ್ದಿ. ನಾನು ಅದನ್ನು ಕೈಯಲ್ಲಿ ಹೇಳಬೇಕಿತ್ತು. ಮಣಿಕಟ್ಟನ್ನು ಎರಡು ಸಲ ತಟ್ಟಿದೆ. ತೀರಿಕೊಂಡರು ಎಂದೆ. ಅಕ್ಕ ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.

ಆ ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತಿದ್ದವಳು ಮಡಚುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅವಳು ಕೈಯಲ್ಲಿ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ, ಒಂದು ಮಾತನ್ನೂ ಬದಲಿಸದೆ. "ಅವರು ಬೇಸರ ಇದೆಯಾ ಅಂತ ಕೇಳಿದಾಗ ನಾನು ಇಲ್ಲ ಅಂತ ಮಾತ್ರ ಅಂದೆ. ಹೋಗಬೇಡಿ ಅನ್ನಬೇಕಿತ್ತು. ನೀನು ಪಕ್ಕದಲ್ಲೇ ಇದ್ದೆ, ನಿನಗೆ ಹೇಳಿದ್ದರೆ ನೀನು ಅವರಿಗೆ ಹೇಳ್ತಿದ್ದೆ. ನಾಚಿಕೆ ಆಯ್ತು, ಸುಮ್ಮನಾದೆ. ಅವರು ಒಬ್ಬರೇ ಸತ್ತರು. ಚರ್ಚಲ್ಲಿ ನೀನು ಅರಿಕೆ ಹೇಳೋವಾಗೆಲ್ಲ ನಾನು ಇದೊಂದನ್ನೇ ಹೇಳಿಕೊಳ್ತಿದ್ದೆ. ದೇವರು ಇದನ್ನ ಕ್ಷಮಿಸಿರ್ತಾನಾ?"

ಕೇಳಿದಿರಾ? ನನ್ನ ಪಾಪವನ್ನು ಇಪ್ಪತ್ತಾರು ವರ್ಷ ನನ್ನ ಅಕ್ಕ ಅರಿಕೆ ಮಾಡಿದ್ದಾಳೆ. ನಾನು ಎದುರಿಗೆ ನಿಂತು, ನನ್ನದೇ ಎದೆಗೆ ಬೆರಳು ತೋರಿಸಿ, ಅವಳಿಂದ ಅರಿಕೆ ಮಾಡಿಸಿದ್ದೇನೆ.

ಮತ್ತೆ ಆ ಮಧ್ಯಾಹ್ನ ನಾನೇನು ಹೇಳಿದೆ ಗೊತ್ತೇ? ಅವಳ ಕೈ ಹಿಡಿದುಕೊಂಡೆ. ಆಮೇಲೆ ಬಿಟ್ಟು ಹೇಳಿದೆ, "ಬಿಡಕ್ಕ, ಕ್ಷಮಿಸಿರ್ತಾನೆ." ಅವಳನ್ನು ನಾನು ಸಮಾಧಾನ ಮಾಡಿದೆ. ಅವಳನ್ನು ನಾನು ಕ್ಷಮಿಸಿದೆ. ಇದಕ್ಕಿಂತ ಕೆಳಗೆ ಇಳಿಯುವುದಕ್ಕೆ ಜಾಗವಿದೆಯೇ ಎಂದು ನಾಲ್ಕು ವಾರದಿಂದ ಯೋಚಿಸುತ್ತಿದ್ದೇನೆ.

ಇದೆ. ಈಗ ತಾನೇ ಇಳಿದೆ.

ಸಭಿಕರೇ, ನಿಮ್ಮ ಕಣ್ಣಲ್ಲಿ ನೀರು ಕಾಣುತ್ತಿದೆ. ಯಾವತ್ತೂ ನಿದ್ದೆ ಮಾಡುವ ಹಿರಿಯರೂ ಎಚ್ಚರವಾಗಿದ್ದಾರೆ. ನನ್ನ ಎದೆಯೂ ಸ್ವಲ್ಪ ಹಗುರಾಗಿದೆ. ಆದರೆ ಎರಡನೇ ಬೆಂಚನ್ನು ನೋಡಿ. ಒಂಬತ್ತು ಜನ ಕೂತಿದ್ದಾರೆ. ನೀವೆಲ್ಲ ಯಾಕೆ ಅಳುತ್ತಿದ್ದೀರಿ ಎಂದು ಅವರಿಗೆ ಗೊತ್ತಿಲ್ಲ. ನಾನು ಆ ಕೋಣೆಯ ಕಥೆ ಹೇಳುತ್ತಿದ್ದಾಗ ಅಕ್ಕ ಅಂಗೈ ಮೇಲೆ ಮಾಡಿ ನನ್ನನ್ನು ಕೇಳಿದಳು, ಏನು? ನೀವು ಯಾರೂ ಗಮನಿಸಲಿಲ್ಲ. ನಾನು ಇಲ್ಲಿಂದಲೇ ಒಂದು ಕೈಯಲ್ಲಿ ಉತ್ತರ ಕೊಟ್ಟೆ. ಆಮೇಲೆ ಹೇಳ್ತೀನಿ ಎಂದೆ.

ಹನ್ನೆರಡನೇ ವಯಸ್ಸಿನಲ್ಲಿ ಮಾಡಿದ ಆಣೆ. ಅದನ್ನೂ ಮುರಿದೆ. ಅರಿಕೆ ಮಾಡುವ ಹೊತ್ತಿನಲ್ಲೇ ಮುರಿದೆ. ಅವಳಿಗೆ ಹೇಳಬೇಕಾದ್ದನ್ನು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದೆ. ಯಾಕೆಂದರೆ ನಿಮಗೆ ಹೇಳುವುದು ಸುಲಭ. ನೀವು ಅಳುತ್ತೀರಿ, ಎಂಥ ಧೈರ್ಯ ಎನ್ನುತ್ತೀರಿ, ಚಹಾ ಕುಡಿದು ಮನೆಗೆ ಹೋಗುತ್ತೀರಿ. ಟೀಚರ್, ನೀವು ಕೂರುವಾಗ ನನ್ನನ್ನು ನೋಡಿದ ನೋಟ ಸರಿಯಾಗಿತ್ತು. ಇನ್ನು ಮೇಲೆ ಯಾರು ಹೇಳಿದರೂ ಕೈ ಕೆಳಗಿಡಬೇಡಿ.

ಆದ್ದರಿಂದ ನನ್ನ ಭಾಷಣ ಇಲ್ಲಿಗೆ ಮುಗಿಯಿತು. ಫಲಕವನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ, ಬಡಗಿಯವರು ದಯವಿಟ್ಟು ಬೇಸರ ಮಾಡಿಕೊಳ್ಳಬಾರದು. ಕೈ ಚೆನ್ನಾಗಿ ಬಂದಿವೆ, ಕೆಳಗಿನ ಅಕ್ಷರ ಮಾತ್ರ ಅಳಿಸಿಕೊಡಿ. ಈಗ ಮೈಕು ಕೆಳಗಿಟ್ಟು, ಮೂರು ಮೆಟ್ಟಿಲಿಳಿದು, ಎರಡನೇ ಬೆಂಚಿನ ಮುಂದೆ ಮೊಣಕಾಲೂರುತ್ತೇನೆ. ನಾನು ಹೇಳುವುದು ನಿಮಗೆ ಕೇಳಿಸುವುದಿಲ್ಲ. ಈ ಸಲ ನಾನು ಎದೆಗೆ ಬೆರಳು ತೋರಿಸಿ 'ನಾನು' ಎಂದರೆ, ಅದು ನಾನೇ.

ಅಕ್ಕ ಏನು ಉತ್ತರ ಕೊಡುತ್ತಾಳೋ ನನಗೆ ಗೊತ್ತಿಲ್ಲ. ಎದ್ದು ಹೋಗಬಹುದು. ಹೋದರೆ ಯಾರೂ ತಡೆಯಬೇಡಿ. ಅವಳು ಕೈ ಎತ್ತಿ ಏನಾದರೂ ಹೇಳಿದರೆ, ಅದು ಸಭೆಗೂ ಕೇಳಲಿ ಎಂದು ಅವಳು ಬಯಸಿದರೆ, ಟೀಚರ್, ನೀವು ಅವಳ ಬಾಯಾಗಿ. ಬೈದರೆ ಬೈದ ಹಾಗೇ ಹೇಳಿ. ಶಾಪ ಹಾಕಿದರೆ ಶಾಪ ಹಾಕಿದ ಹಾಗೇ ಹೇಳಿ. ನನ್ನ ಮುಖ ನೋಡಿ ಮೆತ್ತಗೆ ಮಾಡಬೇಡಿ. ಅವಳ ಮಾತನ್ನು ಒಮ್ಮೆಯಾದರೂ ಅವಳು ಹೇಳಿದ ಹಾಗೆಯೇ ಈ ಚರ್ಚು ಕೇಳಿಸಿಕೊಳ್ಳಲಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ, ಮೂವತ್ತೊಂದು ವರ್ಷ ನಂಬಿದ್ದಕ್ಕೆ ನಿಮಗೆಲ್ಲ ವಂದನೆಗಳು. ಅಕ್ಕ ಮತ್ತೆ ಕೇಳುತ್ತಿದ್ದಾಳೆ, ಏನು ಎಂದು. ಬಂದೆ ಅಕ್ಕಾ.

ನಮಸ್ಕಾರ.